ಕಾಣಿಕೆ ತಟ್ಟೆ, ಲೆಕ್ಕದ ಹಾಳೆ

ಜನವರಿಯ ಕೊನೆಯ ಭಾನುವಾರ ಅಮೆರಿಕದ ನಮ್ಮ ಎಪಿಸ್ಕೋಪಲ್ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಆರಾಧನೆ ಮುಗಿದರೂ ಯಾರೂ ಮನೆಗೆ ಹೊರಡುವುದಿಲ್ಲ. ಪಕ್ಕದ ಹಾಲ್‌ನಲ್ಲಿ ವಾರ್ಷಿಕ ಮಹಾಸಭೆ ಇರುತ್ತದೆ. ಕೈಗೆ ಕೊಡುವ ವರದಿಯಲ್ಲಿ ಎಲ್ಲವೂ ಉಂಟು: ಸಭೆಯ ಮುಖ್ಯ ಪಾದ್ರಿಯಾದ ರೆಕ್ಟರ್ ಅವರ ಸಂಬಳ, ಅವರ ಪಿಂಚಣಿಗೆ ಕಟ್ಟಿದ ಹಣ, ಬಾಯ್ಲರ್ ರಿಪೇರಿ, ಆರ್ಗನ್ ಶ್ರುತಿ ಮಾಡಿಸಿದ ಖರ್ಚು, ಕಟ್ಟಡದ ವಿಮೆ, ಹಿಮ ತೆಗೆದವರ ಕೂಲಿ, ಡಯಾಸಿಸ್‌ಗೆ (ಬಿಷಪ್ಪರ ಕೈಕೆಳಗಿನ ಪ್ರಾಂತಕ್ಕೆ) ಕಳಿಸಿದ ಪಾಲು. ಎಂಬತ್ತು ದಾಟಿದ ಅಜ್ಜಿಯೊಬ್ಬರು ಎದ್ದು ನಿಂತು ಕರೆಂಟ್ ಬಿಲ್ ಯಾಕೆ ಇಷ್ಟು ಏರಿತು ಎಂದು ಕೇಳುತ್ತಾರೆ. ಖಜಾಂಚಿ ನಿಧಾನವಾಗಿ ಉತ್ತರ ಕೊಡುತ್ತಾರೆ. ಯಾರ ಮುಖವೂ ಬಿಗಿಯುವುದಿಲ್ಲ. ಆಮೇಲೆ ಪ್ರಾರ್ಥನೆ, ಸೂಪು, ಬ್ರೆಡ್ಡು.

ನಾನು ತುಮಕೂರು ಕಡೆಯವನು, ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ ಬೆಳೆದವನು. ಈಗ ಇರುವುದು ಪೆನ್ಸಿಲ್ವೇನಿಯಾದಲ್ಲಿ, ಫಿಲಡೆಲ್ಫಿಯಾದ ಹೊರವಲಯದಲ್ಲಿ. ನಮ್ಮೂರ ಕಡೆ ಸಭೆಯ ಲೆಕ್ಕ ಕೇಳಿದವನಿಗೆ ‘ತಕರಾರಿನವನು’ ಎಂಬ ಹೆಸರು ಬಹಳ ಬೇಗ ಅಂಟಿಕೊಳ್ಳುತ್ತಿತ್ತು. ದೇವರಿಗೆ ಕೊಟ್ಟಾಯಿತು, ಇನ್ನು ಕೇಳುವುದೇನು ಎನ್ನುವ ಮಾತು. ಇಲ್ಲಿಗೆ ಬಂದ ಮೇಲೆ ನನಗೆ ಗಟ್ಟಿಯಾದ ಅಭಿಪ್ರಾಯ ಇದು: ದೇವರಿಗೆ ಕೊಟ್ಟ ಹಣ ಎಂಬ ಕಾರಣಕ್ಕೇ ಅದರ ಲೆಕ್ಕ ಕೇಳಬೇಕು, ಒಪ್ಪಿಸಬೇಕು. ಅದು ಭಕ್ತಿಯ ಕೆಲಸ. ಈ ವಿಷಯದಲ್ಲಿ ಎಪಿಸ್ಕೋಪಲ್ ಸಭೆಗಳಿಂದ ನಾವು ಕಲಿಯಬೇಕು. ಆದರೆ ಇದ್ದದ್ದನ್ನು ಒಟ್ಟಿಗೆ ಹಾಕಿ ಹಂಚಿಕೊಳ್ಳುವ ವಿಷಯ ಬಂದಾಗ ನಮ್ಮ ಬಡ ಸಭೆಗಳಿಂದ ಇವರು ಕಲಿಯಬೇಕಾದದ್ದು ಅದಕ್ಕಿಂತ ಕಡಿಮೆಯದಲ್ಲ.

ಎಪಿಸ್ಕೋಪಲ್ ಸಭೆ ಎಂದರೆ ಇಂಗ್ಲೆಂಡಿನ ಆಂಗ್ಲಿಕನ್ ಸಭೆಯ ಅಮೆರಿಕದ ಕವಲು. ನಮ್ಮ ಸಿ.ಎಸ್.ಐ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಹುಟ್ಟಿದ್ದು. ಆಂಗ್ಲಿಕನ್ನರು, ಮೆಥೊಡಿಸ್ಟರು, ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್ ಮೂಲದವರು ಒಂದಾದರು. ತುಮಕೂರು, ಗುಬ್ಬಿ ಕಡೆಯ ನಮ್ಮ ಹಿರಿಯರು ವೆಸ್ಲಿಯನ್ ಮೆಥೊಡಿಸ್ಟ್ ಮಿಷನ್ನಿನವರು. ಎರಡೂ ಸಭೆಗಳ ನಡುವೆ ಪೂರ್ಣ ಅನ್ಯೋನ್ಯತೆ ಇದೆ, ಅಂದರೆ ಒಬ್ಬರ ಸಂಸ್ಕಾರಗಳನ್ನು ಇನ್ನೊಬ್ಬರು ಒಪ್ಪುತ್ತಾರೆ. ಆದ್ದರಿಂದ ಇಲ್ಲಿ ನಾನು ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನಕ್ಕೆ ಮೊದಲ ದಿನದಿಂದಲೇ ಮುಂದೆ ಹೋದೆ. ಪ್ರಾರ್ಥನೆಗಳ ಕ್ರಮ ಹೆಚ್ಚುಕಡಿಮೆ ಒಂದೇ. ಬೇರೆ ಎನಿಸಿದ್ದು ಆರಾಧನೆ ಮುಗಿದ ಮೇಲಿನ ಜೀವನ.

ಪ್ರತಿ ಸಭೆಗೂ ಇಲ್ಲಿ ವೆಸ್ಟ್ರಿ ಎಂಬ ಆಡಳಿತ ಸಮಿತಿ ಇದೆ. ಅದರ ಸದಸ್ಯರನ್ನು ಮಹಾಸಭೆಯಲ್ಲಿ ಜನರೇ ಆರಿಸುತ್ತಾರೆ. ಇಬ್ಬರು ವಾರ್ಡನ್‌ಗಳು, ಒಬ್ಬರು ರೆಕ್ಟರ್‌ಗೆ ಬಲಗೈ, ಇನ್ನೊಬ್ಬರು ಸಾಮಾನ್ಯವಾಗಿ ಕಟ್ಟಡದ ಚಾವಣಿ, ಕೊಳಾಯಿ, ಕಿಟಕಿ ನೋಡಿಕೊಳ್ಳುವವರು. ರೆಕ್ಟರ್ ಬೇಕಾದಾಗ ಸಭೆಯವರೇ ತಿಂಗಳುಗಟ್ಟಲೆ ಹುಡುಕಿ, ಸಂದರ್ಶನ ಮಾಡಿ, ವೆಸ್ಟ್ರಿ ಆರಿಸಿ ಬಿಷಪ್ಪರ ಒಪ್ಪಿಗೆ ಪಡೆಯುತ್ತದೆ. ಊರಿನ ನಮ್ಮ ಸಭೆಗಳಲ್ಲೂ ಚುನಾಯಿತ ಪಾಸ್ಟರೇಟ್ ಕಮಿಟಿ ಉಂಟು, ಆದರೆ ಅಯ್ಯನವರು, ಅಂದರೆ ಪಾದ್ರಿ, ಬರುವುದು, ಹೋಗುವುದು ಬಿಷಪ್ಪರ ವರ್ಗಾವಣೆ ಆದೇಶದ ಮೇಲೆ.

ಇವರಿಗೆ ಈ ಪದ್ಧತಿ ಬಂದದ್ದು ಕಷ್ಟದಿಂದ. ವಸಾಹತು ಕಾಲದಲ್ಲಿ ವರ್ಜೀನಿಯಾದಂಥ ಕಡೆ ಪಾದ್ರಿಯ ಸಂಬಳ ಸರ್ಕಾರಿ ತೆರಿಗೆಯಿಂದ ಬರುತ್ತಿತ್ತು, ಜೊತೆಗೆ ಸಭೆಗೆ ಉಂಬಳಿ ಜಮೀನು. ಸ್ವಾತಂತ್ರ್ಯ ಯುದ್ಧ ಅದನ್ನೆಲ್ಲ ಕಿತ್ತುಹಾಕಿತು. ಇಂಗ್ಲೆಂಡಿನ ರಾಜನಿಗೆ ನಿಷ್ಠೆಯ ಪ್ರಮಾಣ ಮಾಡಿದ್ದ ಪಾದ್ರಿಗಳಲ್ಲಿ ಅನೇಕರು ದೇಶ ಬಿಟ್ಟರು, ತೆರಿಗೆ ನಿಂತಿತು, 1802ರಲ್ಲಿ ವರ್ಜೀನಿಯಾ ಆ ಜಮೀನುಗಳ ಮಾರಾಟಕ್ಕೂ ಕಾನೂನು ಮಾಡಿತು. ಅಷ್ಟರೊಳಗೆ 1785ರಲ್ಲಿ ಫಿಲಡೆಲ್ಫಿಯಾದ ಕ್ರೈಸ್ಟ್ ಚರ್ಚ್‌ನಲ್ಲಿ ಮೊದಲ ಜನರಲ್ ಕನ್ವೆನ್ಷನ್, ಅಂದರೆ ಇಡೀ ಎಪಿಸ್ಕೋಪಲ್ ಸಭೆಯ ಪ್ರತಿನಿಧಿಗಳ ಸಮಾವೇಶ, ಕೂಡಿತ್ತು. ಪಾದ್ರಿಗಳ ಜೊತೆ ಸಾಮಾನ್ಯ ಸಭಿಕರೂ ಪ್ರತಿನಿಧಿಗಳಾಗಿ ಕೂತರು. ಆ ಕಟ್ಟಡ ಇಂದಿಗೂ ಸೆಕೆಂಡ್ ಸ್ಟ್ರೀಟಿನಲ್ಲಿ ನಿಂತಿದೆ. ರಾಜನೂ ಇಲ್ಲ, ತೆರಿಗೆಯೂ ಇಲ್ಲ ಎಂದಾದಾಗ ಉಳಿದದ್ದು ಬೆಂಚಿನ ಮೇಲೆ ಕೂತ ಜನ ಮಾತ್ರ. ಖರ್ಚು ಹೊರುವವರಿಗೆ ಮಾತೂ ಇರಬೇಕು ಎಂಬುದು ಅಲ್ಲಿಂದಲೇ ಬೇರೂರಿತು.

ಹೊರುವ ರೀತಿ ಮಾತ್ರ ಬಹುಕಾಲ ಚೆನ್ನಾಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ದೇವಾಲಯದ ಬೆಂಚುಗಳನ್ನೇ ಬಾಡಿಗೆಗೆ ಕೊಡುತ್ತಿದ್ದರು. ದುಡ್ಡಿದ್ದ ಮನೆತನ ಒಳ್ಳೆಯ ಜಾಗದಲ್ಲಿ, ಇಲ್ಲದವರು ಹಿಂದೆ ಅಥವಾ ಮೇಲಿನ ಗ್ಯಾಲರಿಯಲ್ಲಿ. ಇದು ತಪ್ಪು ಎಂದು ಹೋರಾಡಿದವರೂ ಇದೇ ಸಭೆಯವರು. ಕ್ರಮೇಣ ಅದರ ಜಾಗಕ್ಕೆ ಪ್ಲೆಡ್ಜ್ ಬಂತು.

ಪ್ಲೆಡ್ಜ್ ಎಂದರೆ ಮುಂದಿನ ವರ್ಷ ನಾನು ಇಷ್ಟು ಕೊಡುತ್ತೇನೆ ಎಂದು ಕಾರ್ಡಿನಲ್ಲಿ ಬರೆದುಕೊಡುವ ಮಾತು. ಅಕ್ಟೋಬರ್ ಬಂತೆಂದರೆ ಅದರ ಪತ್ರಗಳು ಶುರು. ನವೆಂಬರಿನ ಒಂದು ಭಾನುವಾರ ಎಲ್ಲ ಕಾರ್ಡುಗಳನ್ನೂ ಪೀಠದ ಮೇಲಿಟ್ಟು ಪ್ರಾರ್ಥಿಸುತ್ತಾರೆ. ಯಾರು ಎಷ್ಟು ಬರೆದರು ಎಂಬುದು ಇಲ್ಲಿನ ನಮ್ಮ ಸಭೆಯಲ್ಲಿ ಲೆಕ್ಕ ಬರೆಯುವವರಿಗೆ ಮಾತ್ರ ಗೊತ್ತು. ನಮ್ಮ ರೆಕ್ಟರ್ ತಮಗೆ ಅದು ತಿಳಿಯುವುದೇ ಬೇಡ ಎಂದಿದ್ದಾರೆ, ಆ ತಾಯಿಯ ಮೇಲೆ ನನಗಿರುವ ಗೌರವಕ್ಕೆ ಅದೂ ಒಂದು ಕಾರಣ. 1982ರ ಜನರಲ್ ಕನ್ವೆನ್ಷನ್ ದಶಮಾಂಶವೇ (ಆದಾಯದ ಹತ್ತರಲ್ಲೊಂದು ಪಾಲು) ಕೊಡುಗೆಯ ಕನಿಷ್ಠ ಮಟ್ಟ ಎಂದು ಒಪ್ಪಿತು. ಎಲ್ಲರೂ ಅಷ್ಟು ಕೊಡುತ್ತಾರೆ ಎಂದಲ್ಲ. ಆದರೆ ಹೊಸ ವರ್ಷಕ್ಕೆ ಮೊದಲೇ ಗಂಡ ಹೆಂಡತಿ ಅಡುಗೆಮನೆಯ ಟೇಬಲ್ ಮುಂದೆ ಕೂತು, ನಮ್ಮ ದುಡಿಮೆಯಲ್ಲಿ ದೇವರ ಪಾಲು ಎಷ್ಟು ಎಂದು ಮಾತಾಡಿ ಬರೆಯುವುದಿದೆಯಲ್ಲ, ಅದು ಮನೆಯ ಸ್ವಭಾವವನ್ನೇ ತಿದ್ದುತ್ತದೆ. ಮಿಕ್ಕದ್ದನ್ನು ಕೊಡುವುದು ಬೇರೆ, ಮೊದಲೇ ತೆಗೆದಿಡುವುದು ಬೇರೆ.

ಇವರ 1979ರ ಪ್ರಾರ್ಥನಾ ಪುಸ್ತಕದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಒಂದು ಸೂಚನೆ ಇದೆ. ಮಗು ಹುಟ್ಟಿದ್ದಕ್ಕೆ ಸಲ್ಲಿಸುವ ಕೃತಜ್ಞತೆಯ ಕ್ರಮದ ಕೊನೆಯಲ್ಲಿ, ಆರೋಗ್ಯವಾಗಿರುವಾಗಲೇ ಉಯಿಲು ಬರೆದಿಡಿ, ಮನೆಯವರಿಗೆ ಒದಗಿಸಿ, ಶಕ್ತಿಯಿದ್ದರೆ ಧರ್ಮಕಾರ್ಯಕ್ಕೂ ಸ್ವಲ್ಪ ಬಿಡಿ ಎಂದು ಪಾದ್ರಿ ಆಗಾಗ ಜನರಿಗೆ ತಿಳಿಹೇಳಬೇಕು ಎಂದಿದೆ. ನಮ್ಮ ಮನೆಗಳಲ್ಲಿ ಉಯಿಲಿನ ಮಾತೆತ್ತಿದರೆ ‘ಬಿಡ್ತು ಅನ್ನು’ ಎನ್ನುತ್ತಾರೆ. ಅಪ್ಪ ತೀರಿಕೊಂಡ ಮೇಲೆ ಸೈಟಿನ ಪತ್ರ ಎಲ್ಲಿದೆ ಎಂದು ಹುಡುಕುವ ಎಷ್ಟು ಮನೆಗಳನ್ನು ನೋಡಿಲ್ಲ! ತೊಟ್ಟಿಲಿನ ಹೊತ್ತಿಗೇ ಆ ಮಾತು ಹೇಳುವುದು ಒಳ್ಳೆಯ ಬುದ್ಧಿ.

ಕೊಟ್ಟ ಹಣದ ಮೇಲಿನ ನಿಯಮಗಳೂ ಅಷ್ಟೇ ಬಿಗಿ. ಪ್ರತಿ ಸಭೆಯ ಲೆಕ್ಕವೂ ವರ್ಷಕ್ಕೊಮ್ಮೆ ಆಡಿಟ್ ಆಗಲೇಬೇಕು. ದತ್ತಿ ನಿಧಿಯಿಂದ ಹಣ ತೆಗೆಯಲು ಕನಿಷ್ಠ ಇಬ್ಬರ ಸಹಿ ಬೇಕು. ತಿಂಗಳಿಗೊಂದು ಭಾನುವಾರ, ಕರ್ತನ ಭೋಜನದ ವೇಳೆ ತಟ್ಟೆಗೆ ಬಿದ್ದ ಬಿಡಿ ಕಾಣಿಕೆ ಬಡವರ ಕಷ್ಟಕ್ಕೆ ಮತ್ತು ಧರ್ಮಕಾರ್ಯಕ್ಕೆ ಎಂದು ರೆಕ್ಟರ್ ಕೈಗೆ ಹೋಗಬೇಕು. ಬಾಡಿಗೆ ಕಟ್ಟಲಾಗದವರು, ಗ್ಯಾಸ್ ಬಿಲ್ ಉಳಿಸಿಕೊಂಡವರು ಬಾಗಿಲು ತಟ್ಟಿದಾಗ ಆ ನಿಧಿ ನೆರವಿಗೆ ಬರುತ್ತದೆ. ಇಷ್ಟೆಲ್ಲ ನಿಯಮ ಇದ್ದೂ 1995ರಲ್ಲಿ ಈ ಸಭೆಯ ರಾಷ್ಟ್ರೀಯ ಖಜಾಂಚಿಯೇ ಸುಮಾರು 22 ಲಕ್ಷ ಡಾಲರ್ ದುರುಪಯೋಗ ಮಾಡಿದ್ದು ಹೊರಬಿತ್ತು, ಅವರಿಗೆ ಜೈಲಾಯಿತು. ಸಭೆ ಅದನ್ನು ಮುಚ್ಚಿಡಲಿಲ್ಲ, ತಾನೇ ಹೊರಗೆ ಹೇಳಿತು. ಊರಿನ ನಮ್ಮ ಸಭೆಗಳ ಆಸ್ತಿ, ಚುನಾವಣೆಗಳ ಜಗಳ ಕೋರ್ಟ್ ಮೆಟ್ಟಿಲೇರುವುದನ್ನು ಪತ್ರಿಕೆಯಲ್ಲಿ ಓದುವಾಗ ನನಗೆ ಆಗುವ ನೋವು ಜಗಳಕ್ಕಲ್ಲ. ಸಾಮಾನ್ಯ ಸಭಿಕನಿಗೆ ವಿಷಯ ತಿಳಿಯುವುದೇ ಪತ್ರಿಕೆಯಿಂದ ಎಂಬುದಕ್ಕೆ.

ಲೆಕ್ಕ ಎಂದರೆ ಈ ವರ್ಷದ್ದು ಮಾತ್ರವಲ್ಲ ಎಂಬುದನ್ನೂ ಇಲ್ಲಿ ಕಂಡೆ. ಫಿಲಡೆಲ್ಫಿಯಾದಲ್ಲಿ ಸೇಂಟ್ ಥಾಮಸ್ ಆಫ್ರಿಕನ್ ಎಪಿಸ್ಕೋಪಲ್ ಸಭೆ ಇದೆ. ಗುಲಾಮನಾಗಿ ಹುಟ್ಟಿದ ಅಬ್ಸಲೋಮ್ ಜೋನ್ಸ್ ನಾಯಕತ್ವದಲ್ಲಿ 1794ರಲ್ಲಿ ಬಾಗಿಲು ತೆರೆದ ಸಭೆ ಅದು. ಬೇರೊಂದು ದೇವಾಲಯದಲ್ಲಿ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದ ಅವರನ್ನು, ನಿನ್ನ ಜಾಗ ಇದಲ್ಲ ಎಂದು ಎಬ್ಬಿಸಿದ್ದರು. 2008ರ ಅಕ್ಟೋಬರಿನಲ್ಲಿ ಅದೇ ಸೇಂಟ್ ಥಾಮಸ್ ಸಭೆಯಲ್ಲಿ ನಿಂತು ಎಪಿಸ್ಕೋಪಲ್ ಸಭೆಯ ಅಂದಿನ ಮುಖ್ಯ ಬಿಷಪ್ ಕ್ಯಾಥರಿನ್ ಜೆಫರ್ಟ್ಸ್ ಶೋರಿ, ಗುಲಾಮಗಿರಿಯಲ್ಲಿ ತಮ್ಮ ಸಭೆ ಪಾಲುಗೊಂಡದ್ದಕ್ಕೆ, ಅದರಿಂದ ಲಾಭ ಪಡೆದದ್ದಕ್ಕೆ ಕ್ಷಮೆ ಕೇಳಿದರು. 2019ರಲ್ಲಿ ವರ್ಜೀನಿಯಾದ ದೈವಶಾಸ್ತ್ರ ಸೆಮಿನರಿ ಆ ಋಣಕ್ಕಾಗಿ 17 ಲಕ್ಷ ಡಾಲರ್‌ನ ನಿಧಿ ತೆಗೆದಿಟ್ಟಿತು. ಸಾಲದು ಎನ್ನುವವರಿದ್ದಾರೆ, ನಾನೂ ಅದೇ ಮಾತು ಹೇಳುತ್ತೇನೆ. ಆದರೂ ಹಳೆಯ ಹಣ ಎಲ್ಲಿಂದ ಬಂತು ಎಂದು ಕೇಳಿಕೊಳ್ಳುವ ಸಭೆಗೆ ಒಂದು ಧೈರ್ಯ ಬೇಕು. ನಮ್ಮ ಸಭೆಗಳಲ್ಲೂ ಜಾತಿ ಹೊಸ್ತಿಲಾಚೆ ನಿಂತಿಲ್ಲ. ಯಾರ ಮಾತು ಕಮಿಟಿಯಲ್ಲಿ ನಡೆಯುತ್ತದೆ, ಯಾರದು ನಡೆಯುವುದಿಲ್ಲ ಎಂದು ನಾವು ಇನ್ನೂ ಬಾಯಿಬಿಟ್ಟು ಕೇಳಿಕೊಂಡಿಲ್ಲ.

ಇನ್ನು ನಮ್ಮ ಕಡೆಯ ಮಾತು. ಊರಲ್ಲಿ ಸುಗ್ಗಿ ಹಬ್ಬ, ಎಲ್ಲರ ಬಾಯಲ್ಲಿ ಹಾರ್ವೆಸ್ಟ್. ರಾಗಿ, ತೆಂಗಿನಕಾಯಿ, ಕುಂಬಳಕಾಯಿ, ಬಾಳೆಗೊನೆ, ಕಾಲು ಕಟ್ಟಿದ ಕೋಳಿ, ಎಲ್ಲ ದೇವಾಲಯದ ಮುಂದೆ ಬಂದು ಬೀಳುತ್ತಿತ್ತು. ಕೂಲಿ ಮಾಡುವ ಹೆಂಗಸು ಸೆರಗಿನಲ್ಲಿ ಒಂದೇ ಒಂದು ಮೊಟ್ಟೆ ತರುತ್ತಿದ್ದಳು. ಹರಾಜಿನಲ್ಲಿ ಅದೇ ಮೊಟ್ಟೆ ನೂರಾರು ರೂಪಾಯಿಗೆ ಏರುತ್ತಿತ್ತು, ಹಿಡಿದವರು ಮತ್ತೆ ಸಭೆಗೇ ಕೊಟ್ಟು ಇನ್ನೊಮ್ಮೆ ಕೂಗಿಸುತ್ತಿದ್ದರು. ಅವಳ ಮೊಟ್ಟೆಯ ಮುಂದೆ ಶ್ರೀಮಂತನ ನೋಟು ಅಂದು ದೊಡ್ಡದಾಗಿ ಕಾಣುತ್ತಿರಲಿಲ್ಲ. ಪ್ಲೆಡ್ಜ್ ಕಾರ್ಡಿನಲ್ಲಿ ಹಣ ಬರೆಯುವ ಜಾಗ ಇದೆ, ಮೊಟ್ಟೆ ಬರೆಯುವ ಜಾಗ ಇಲ್ಲ. ಸಂಬಳ ಇರುವವನಿಗೆ ಒಪ್ಪುವ ಪದ್ಧತಿ ಅದು. ದಿನಗೂಲಿಯವನು ಮುಂದಿನ ವರ್ಷದ ಮಾತು ಹೇಗೆ ಬರೆದುಕೊಟ್ಟಾನು? ಇಲ್ಲಿನ ನಮ್ಮ ಸಭೆಯಲ್ಲಿ ಅಂಥವರು ಕಡಿಮೆ ಇರುವುದಕ್ಕೂ ಇದಕ್ಕೂ ಸಂಬಂಧ ಇಲ್ಲವೇ ಎಂದು ನಾನು ಸಮಿತಿಯಲ್ಲಿ ಕೇಳಿದ್ದೇನೆ.

ಸಾವಿನ ಮನೆಯಲ್ಲೂ ವ್ಯತ್ಯಾಸ ಕಾಣುತ್ತದೆ. ನಮ್ಮಲ್ಲಿ ಸುದ್ದಿ ಬಂದ ಗಳಿಗೆಯಲ್ಲೇ ಸಭೆ ಆ ಮನೆಯ ಅಂಗಳದಲ್ಲಿರುತ್ತದೆ, ರಾತ್ರಿಯಿಡೀ ಹಾಡು, ಪ್ರಾರ್ಥನೆ. ಇಲ್ಲಿ ಅಂತ್ಯಕ್ರಿಯೆಗೆ ಎಲ್ಲರಿಗೂ ಅನುಕೂಲವಾದ ಶನಿವಾರ ನೋಡುತ್ತಾರೆ. ನಡುವಿನ ದಿನಗಳನ್ನು ಮನೆಯವರು ಬಹುಮಟ್ಟಿಗೆ ತಾವೇ ಕಳೆಯುತ್ತಾರೆ. ಆ ಒಂಟಿತನ ನನಗೆ ಇನ್ನೂ ಒಗ್ಗಿಲ್ಲ. ಹಾಗೆಂದು ಇವರಿಗೆ ಅಂತಃಕರಣ ಕಡಿಮೆ ಎನ್ನಲಾರೆ. ನಮ್ಮ ಮನೆಯಲ್ಲಿ ಮಗು ಹುಟ್ಟಿದಾಗ ಸಭೆಯವರು ಸರದಿ ಹಾಕಿಕೊಂಡು ವಾರಗಟ್ಟಲೆ ಸಂಜೆ ಊಟ ತಂದಿಟ್ಟರು. ಬಾಣಂತಿ ಏನು ತಿನ್ನಬಹುದು ಎಂದು ಮೊದಲೇ ಕೇಳಿದ್ದರು. ವಾರಕ್ಕೊಮ್ಮೆ ನೆಲಮಾಳಿಗೆಯಲ್ಲಿ ಊರಿನವರಿಗೆ ಉಚಿತವಾಗಿ ದಿನಸಿ ಹಂಚುತ್ತೇವೆ, ಯಾವ ಧರ್ಮ, ಯಾವ ದೇಶ ಎಂದು ಕೇಳುವುದಿಲ್ಲ. ತುಮಕೂರಿನವನಿಗೆ ದಾಸೋಹ ಎಂದೊಡನೆ ಸಿದ್ಧಗಂಗೆ ನೆನಪಾಗುತ್ತದೆ. ಅಕ್ಕಿ ಮೂಟೆ ಇಳಿಸುವಾಗ ಅಲ್ಲಿನ ಸಾಲು ಪಂಕ್ತಿಗಳನ್ನು ಇಲ್ಲಿನವರಿಗೆ ವರ್ಣಿಸಿದ್ದೇನೆ. ರೈತರೇ ಧಾನ್ಯ ತಂದು ಕೊಡುತ್ತಾರೆಯೇ ಎಂದು ಅವರು ಬೆರಗಾಗುತ್ತಾರೆ.

ಎಲ್ಲಕ್ಕಿಂತ ನನ್ನ ಮನಸ್ಸಿಗೆ ಹತ್ತಿದ ವಿಷಯ ಪಾದ್ರಿಗಳ ಸಂಬಳದ್ದು. ಊರಲ್ಲಿ ಪ್ರತಿ ಸಭೆಯೂ ಡಯಾಸಿಸ್‌ಗೆ ತನ್ನ ಪಾಲು ಕಟ್ಟುತ್ತದೆ, ಅಯ್ಯನವರ ಸಂಬಳ ಅಲ್ಲಿಂದ ಬರುತ್ತದೆ. ಬೆಂಗಳೂರಿನ ದೊಡ್ಡ ಸಭೆಯ ಕಾಣಿಕೆ ಹೀಗೆ ಹಳ್ಳಿಯ ಅಯ್ಯನವರ ಮನೆಯ ಒಲೆ ಉರಿಸುತ್ತದೆ. ವರ್ಗಾವಣೆಯ ಬಗ್ಗೆ ನಾವು ಗೊಣಗುತ್ತೇವೆ, ಆದರೆ ಬಡ ಸಭೆಗೂ ಓದಿದ ಸಭಾಪಾಲಕರು ಸಿಗುವುದು ಆ ಏರ್ಪಾಡಿನಿಂದ. ಇಲ್ಲಿ ಸಭೆಯೇ ಸಂಬಳ ಕೊಡಬೇಕು. ಕೊಡಲಾಗದ ಸಭೆಗೆ ವಾರಕ್ಕೆ ಕೆಲವೇ ಗಂಟೆ ಸಿಗುವ ಪಾದ್ರಿ, ಅದೂ ಆಗದಿದ್ದರೆ ಭಾನುವಾರಕ್ಕೆ ಮಾತ್ರ ಯಾರಾದರೊಬ್ಬರು. ಐದಾರು ಮೈಲಿ ದೂರದಲ್ಲಿ ನಮ್ಮದೇ ಸಭೆ ಒಂದು ಹೀಗೆ ಸೊರಗುತ್ತಿರುವಾಗ, ನಾವು ದತ್ತಿ ನಿಧಿಯ ಬಡ್ಡಿಯಲ್ಲಿ ಕಿಟಕಿಯ ಬಣ್ಣದ ಗಾಜು ತಿದ್ದಿಸುವುದು ಸರಿ ಎಂದು ನನಗೆ ಅನಿಸುವುದಿಲ್ಲ. ಡಯಾಸಿಸ್‌ಗೆ ಪಾಲು ಕಟ್ಟಿದ್ದೇವಲ್ಲ ಎಂದರೆ ಸಾಲದು.

ಈ ಸಲದ ಪ್ಲೆಡ್ಜ್ ಸಮಿತಿಯಲ್ಲಿ ಎರಡು ಮಾತು ಮುಂದಿಟ್ಟಿದ್ದೇನೆ. ಪತ್ರ ಕಳಿಸುವ ಮೊದಲು ಮನೆಮನೆಗೆ ಹೋಗೋಣ, ಹಣದ ಮಾತೆತ್ತದೆ ಪ್ರಾರ್ಥನೆ ಮಾಡಿ ಬರೋಣ. ಮತ್ತು ಬಜೆಟ್‌ನಲ್ಲಿ ಆ ಪಕ್ಕದ ಸಭೆಯ ಪಾದ್ರಿಯ ಸಂಬಳಕ್ಕೆಂದು ಒಂದು ಸಾಲು ಇಡೋಣ. ಮೊದಲನೆಯದಕ್ಕೆ ಒಪ್ಪಿಗೆ ಸಿಕ್ಕಿದೆ. ಎರಡನೆಯದನ್ನು ವೆಸ್ಟ್ರಿ ಡಿಸೆಂಬರಿನಲ್ಲಿ ಚರ್ಚೆಗೆ ತೆಗೆದುಕೊಳ್ಳುತ್ತದೆ. ಊರಿನ ಸಭಾ ಕಮಿಟಿಯಲ್ಲಿರುವ ನನ್ನ ತಮ್ಮನಿಗೂ ನಮ್ಮ ಇಲ್ಲಿನ ವಾರ್ಷಿಕ ವರದಿಯ ಒಂದು ಪ್ರತಿ ಕಳಿಸಿದ್ದೇನೆ. ಮಹಾಸಭೆಗೆ ಎರಡು ವಾರ ಮೊದಲೇ ಲೆಕ್ಕದ ಹಾಳೆಯನ್ನು ದೇವಾಲಯದ ನೋಟಿಸ್ ಬೋರ್ಡಿಗೆ ಹಾಕಿಸುವ ಬಗ್ಗೆ ಅಯ್ಯನವರ ಹತ್ತಿರ ಮಾತಾಡುತ್ತೇನೆ ಎಂದಿದ್ದಾನೆ.