ಬಿಎಸ್‌ಎನ್‌ಎಲ್ 4ಜಿ ಬಂತು ಅಂತ ಎಂಟಿಎನ್‌ಎಲ್ ಷೇರು ಕೊಳ್ಳೋದಾ?

ಬಿಎಸ್‌ಎನ್‌ಎಲ್ ತನ್ನ 4ಜಿ ಸೇವೆ ವಿಸ್ತರಿಸುತ್ತಿರುವ ಬಗ್ಗೆ ಬಂದ ಲೇಖನ ಸರಿಯಾಗಿದೆ. ಆದರೆ ಅದಕ್ಕೆ ಪ್ರತಿಕ್ರಿಯಿಸಿ ಓದುಗರೊಬ್ಬರು "ನೆಟ್‌ವರ್ಕ್ ಸುಧಾರಿಸ್ತಿದೆ, ಈಗಲೇ ಎಂಟಿಎನ್‌ಎಲ್ ತಗೊಳ್ಳಿ" ಅಂದಿದ್ದಾರಲ್ಲ, ಅದಕ್ಕೆ ಈ ಮಾತು. ಸ್ವಾಮಿ, ಬಿಎಸ್‌ಎನ್‌ಎಲ್ ಷೇರುಪೇಟೆಯಲ್ಲೇ ಇಲ್ಲ, ಪೂರ್ತಿ ಸರ್ಕಾರದ್ದು. ಪೇಟೆಯಲ್ಲಿರೋದು ದೆಹಲಿ, ಮುಂಬೈಗಷ್ಟೇ ಸೀಮಿತವಾದ ಇನ್ನೊಂದು ಫೋನ್ ಕಂಪನಿ ಎಂಟಿಎನ್‌ಎಲ್. ಅದರಲ್ಲೂ ಸರ್ಕಾರದ ಪಾಲು ಶೇ 56ಕ್ಕೂ ಹೆಚ್ಚು. ಸಾಲ 30 ಸಾವಿರ ಕೋಟಿ ದಾಟಿದೆ, ಬ್ಯಾಂಕಿನ ಕಂತೇ ಕಟ್ಟಲಾಗಿಲ್ಲ. ಅದರ ನೆಟ್‌ವರ್ಕ್ ನೋಡಿಕೊಳ್ಳೋದೂ ಈಗ ಬಿಎಸ್‌ಎನ್‌ಎಲ್ಲೇ. ಟವರ್ ಒಬ್ಬರದು, ಷೇರು ಇನ್ನೊಬ್ಬರದು!

ನನಗೆ ಬಿಎಸ್‌ಎನ್‌ಎಲ್ ಮೇಲೆ ಸಿಟ್ಟೇನೂ ಇಲ್ಲ. ಹೋದ ತಿಂಗಳು ಊರಲ್ಲಿ ಅಡಿಕೆ ತೋಟದ ಮಧ್ಯೆ ನಿಂತು ಮಗಳಿಗೆ ವಿಡಿಯೊ ಕಾಲ್ ಮಾಡಿದೆ, ಒಮ್ಮೆಯೂ ಕಟ್ಟಾಗಲಿಲ್ಲ. ಗ್ರಾಹಕನಾಗಿ ಖುಷಿ. ಆದರೆ ಆ ಖುಷಿಗೂ ಷೇರು ಇಡೋ ನನ್ನ ಡಿಮ್ಯಾಟ್ ಖಾತೆಗೂ ಏನು ಸಂಬಂಧ?

ಇನ್ನು "ಉಪಕರಣ ಕೊಡೋ ಕಂಪನಿ ಹಿಡೀರಿ" ಅನ್ನೋರಿಗೆ: ನಮ್ಮ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್ ಐಟಿ ಕಂಪನಿ ಟಿಸಿಎಸ್ ಮೂಲಕ ಬಿಎಸ್‌ಎನ್‌ಎಲ್‌ಗೆ ಟವರ್‌ನ 4ಜಿ ರೇಡಿಯೊ ಉಪಕರಣ ಪೂರೈಸಿತು, ಕೆಲಸ ಹೆಮ್ಮೆಯದ್ದೇ. ಆದರೆ ಆ ದೊಡ್ಡ ಆರ್ಡರ್ ಮುಗಿಯುತ್ತಿದ್ದಂತೆ 2025ರಲ್ಲಿ ಆದಾಯ ಹೇಗೆ ಕುಸಿಯಿತು ಅಂತ ತ್ರೈಮಾಸಿಕ ಫಲಿತಾಂಶ ತೆಗೆದು ನೋಡಿ. ಆಗ ಹೆಚ್ಚಾಗಿ ಒಂದೇ ಗಿರಾಕಿಯನ್ನು ನಂಬಿದ್ದ ಅಂಗಡಿ ಅದು. ಮುಂದಿನ ಆರ್ಡರ್ ಯಾವಾಗ, ಹಣ ಯಾವಾಗ ಕೈಗೆ ಬರುತ್ತೆ, ಇದನ್ನು ಕೇಳಿ. ಹತ್ತಿಪ್ಪತ್ತು ಸಾವಿರದ ಉಳಿತಾಯ ಹಾಕೋರು ಟವರ್ ಎಣಿಸ್ಕೊಂಡು ಕೂತರೆ ಆಗಲ್ಲ.