ನಾಯಿಯನ್ನು ನಡೆಸಿ ನೋಡಲು ಯಾರಿಗೂ ಪುರುಸೊತ್ತಿಲ್ಲ

ನಮ್ಮ ಬೊಳ್ಳು ಕುಂಟುವುದಿಲ್ಲ. ಈ ಎರಡೂವರೆ ತಿಂಗಳಲ್ಲಿ ಇದನ್ನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಕುಂಟುವ ನಾಯಿ ಹೆಜ್ಜೆ ಹೆಜ್ಜೆಗೂ ಕುಂಟುತ್ತದೆ. ಇವನು ಐದಾರು ಹೆಜ್ಜೆ ರಾಜನ ಹಾಗೆ ನಡೆಯುತ್ತಾನೆ. ಆಮೇಲೆ ಹಿಂದಿನ ಎಡಗಾಲನ್ನು ಹೊಟ್ಟೆಯ ಕಡೆಗೆ ಎಳೆದುಕೊಂಡು ಮೂರು ಕಾಲಿನಲ್ಲಿ ಎರಡು ಹಾರು ಹಾರುತ್ತಾನೆ, ಆ ಕಾಲನ್ನು ಒಮ್ಮೆ ಹಿಂದಕ್ಕೆ ಉದ್ದ ಚಾಚಿ ಝಾಡಿಸುತ್ತಾನೆ, ಪುನಃ ಏನೂ ಆಗದವನಂತೆ ನಡೆಯುತ್ತಾನೆ. ಅಳು ಇಲ್ಲ, ಕುಂಯ್ ಎನ್ನುವುದಿಲ್ಲ. ಕುಂಟಾಬಿಲ್ಲೆ ಆಡುವ ಹುಡುಗಿಯರ ಹಾರು ಅದು. ನಮ್ಮ ಓಣಿಯ ಮಕ್ಕಳು ಎರಡೇ ದಿನದಲ್ಲಿ ಅದನ್ನು ಕಲಿತು ನಮ್ಮ ಗೇಟಿನ ಮುಂದೆಯೇ ಮಾಡಿ ತೋರಿಸುತ್ತಿದ್ದರು. ಈಗ ಯೋಚಿಸಿದರೆ, ನಾಯಿಯನ್ನು ಸರಿಯಾಗಿ ನೋಡಿದ್ದು ಆ ಪೋಕರಿಗಳು ಮಾತ್ರ.

ದೊಡ್ಡವರದ್ದು ಬೇರೆಯೇ ಕತೆ. ಉಡುಪಿಯಲ್ಲಿ ನಾಯಿ ಸಾಕಿದವರಿಗಿಂತ ನಾಯಿಯ ವೈದ್ಯರೇ ಜಾಸ್ತಿ. ಎದುರು ಮನೆಯ ಅಕ್ಕ ಗೇಟಿನ ಆಚೆಯಿಂದಲೇ "ಯಾರೋ ಕಲ್ಲು ಬಿಸಾಡಿದ್ದು" ಎಂದು ತೀರ್ಪು ಕೊಟ್ಟರು. ಹಾಲು ತರುವ ಅಣ್ಣನಿಗೆ ಅದು ಉಳುಕು, ಎಣ್ಣೆ ಹಾಕಿ ಎಳೆದರೆ ಸರಿಯಾಗುತ್ತದೆ. ಅತ್ತೆಯವರಿಗೆ ದೃಷ್ಟಿ. ಅವರು ನಮ್ಮ ತುಳುನಾಡಿನ ದೈವ ಕೊರಗಜ್ಜನಿಗೆ ಚಕ್ಕುಲಿ, ವೀಳ್ಯ ಹೇಳಿಕೊಂಡರು. ಅದರ ಬಗ್ಗೆ ನನ್ನ ತಕರಾರಿಲ್ಲ, ಅಜ್ಜ ಕೈಬಿಡುವವರಲ್ಲ, ಕಾಲಿನ ಎಕ್ಸ್‌ರೇ ತೆಗೆಸು ಎಂದು ಹೇಳುವವರೂ ಅಲ್ಲ. ಆಟಿ ಅಮಾವಾಸ್ಯೆಯ ಬೆಳಿಗ್ಗೆ ಹಿಂದಿನ ಮನೆಯವರು ಒಂದು ಲೋಟ ಹಾಲೆ ಮರದ ಕಷಾಯ ಹಿಡಿದುಕೊಂಡು ಬಂದು, "ಮನುಷ್ಯರಿಗೆ ಒಳ್ಳೆಯದಾದರೆ ನಾಯಿಗೆ ಯಾಕೆ ಆಗುವುದಿಲ್ಲ?" ಎಂದು ಕೇಳಿದಾಗ ಮಾತ್ರ ನನ್ನ ಮಂಡೆ ಬಿಸಿಯಾಯಿತು. ಆ ಕಹಿಯನ್ನು ನಾನೇ ವರ್ಷಕ್ಕೊಮ್ಮೆ ಮೂಗು ಹಿಡಿದು ಕುಡಿಯುವುದು ಮಾರಾಯರೇ.

ನನ್ನ ತಪ್ಪೂ ಇದೆ, ಕುಟುಂಬದ ವಾಟ್ಸಾಪ್ ಗುಂಪಿಗೆ ಅವನ ವಿಡಿಯೋ ಹಾಕಿದೆ. ಅರ್ಧ ಗಂಟೆಯಲ್ಲಿ ಹದಿನಾಲ್ಕು ರೋಗಗಳು ಬಂದವು. ಮುಂಬೈಯ ಮಾವ ಮೂರು ನಿಮಿಷದ ಧ್ವನಿ ಸಂದೇಶ ಕಳುಹಿಸಿದರು. ಮೊದಲ ಎರಡು ನಿಮಿಷ ಅವರ ಸ್ವಂತ ಮೊಣಕಾಲು ನೋವಿನ ವಿಚಾರ, ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ನಲವತ್ತು ವರ್ಷ ಕೂತದ್ದರ ಫಲ. ಕೊನೆಯ ನಿಮಿಷದಲ್ಲಿ ನಾಯಿಗೆ ಔಷಧಿ: "ಕ್ಯಾಲ್ಸಿಯಂ ಕಡಿಮೆ ಆಗಿದೆ, ಕ್ಯಾಲ್ಸಿಯಂ ಕೊಡು." ವಿಡಿಯೋ ನೋಡಿದಿರಾ ಮಾವ ಎಂದು ಕೇಳಿದರೆ, "ಅದು ಡೌನ್‌ಲೋಡ್ ಆಗಲಿಲ್ಲ."

ಹೋಗಲಿ, ಇವರೆಲ್ಲ ಕಲಿತವರಲ್ಲ. ಕಲಿತವರ ಹತ್ತಿರ ಹೋದೆ. ಹೋಗುವುದೇ ಒಂದು ಯಜ್ಞ. ನಮ್ಮ ಕಡೆಯ ಬಸ್ಸಿನವರು ನಾಯಿಯನ್ನು ಹತ್ತಿಸಿಕೊಳ್ಳಲಿಲ್ಲ. ರಿಕ್ಷಾದವರು ಬೊಳ್ಳುವಿನ ಒದ್ದೆ ರೋಮ ನೋಡಿದ ಕೂಡಲೇ ಬಾಡಿಗೆಗೆ ಐವತ್ತು ರೂಪಾಯಿ ಸೇರಿಸುತ್ತಾರೆ. ಸೊಸೈಟಿಯಲ್ಲಿ ಅರ್ಧ ದಿನ ರಜೆ ಹಾಕಿ, ಜಡಿಮಳೆಯಲ್ಲಿ ಅವನನ್ನು ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಹೋಗಿ, ಒಂದೂವರೆ ಗಂಟೆ ಕಾದರೆ ಒಳಗೆ ನಾಲ್ಕು ನಿಮಿಷ. ಮೇಜಿನ ಮೇಲೆ ಹತ್ತಿಸಿ ಎಂದರು. ಹತ್ತಿಸಿದೆ. ಜ್ವರ ನೋಡಿದರು, ಇಲ್ಲ. ಕಿವಿ ಎತ್ತಿ ಉಣುಗು ನೋಡಿದರು, ಒಂದು ಸಿಕ್ಕಿತು. ಉಣುಗಿನ ಜ್ವರದಲ್ಲಿ ಕೀಲು ಬಾತು ನಾಯಿ ಕುಂಟುವುದುಂಟು, ಅದನ್ನು ಸಂಶಯಪಟ್ಟದ್ದರಲ್ಲಿ ತಪ್ಪಿಲ್ಲ. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಎಲ್ಲ ಸರಿಯಾಗಿಯೇ ಇತ್ತು. ಆದರೂ ಒಂದು ಇಂಜೆಕ್ಷನ್, ಎರಡು ಬಾಟಲಿ ಕ್ಯಾಲ್ಸಿಯಂ.

"ಡಾಕ್ಟರೇ, ಒಮ್ಮೆ ನೆಲಕ್ಕೆ ಬಿಟ್ಟು ನಡೆಸಿ ತೋರಿಸಲೇ?" ಎಂದೆ.

"ಬೇಡ, ಗೊತ್ತಾಯಿತು."

ಏನು ಗೊತ್ತಾಯಿತು? ನಡಿಗೆ ಸರಿ ಇಲ್ಲ ಎಂದು ಬಂದ ಪ್ರಾಣಿಯನ್ನು ಮೇಜಿನ ಮೇಲೆ ನಿಲ್ಲಿಸಿ ನೋಡುವುದು ಎಂದರೆ, ಭಾಗವತಿಕೆಗೆ ಶ್ರುತಿ ಸೇರುತ್ತಿಲ್ಲ ಎಂದವನ ಹಲ್ಲು ಎಣಿಸಿದ ಹಾಗೆ.

ಎರಡನೆಯ ಕಡೆ ಇನ್ನೂ ಗಮ್ಮತ್ತು. ಅಲ್ಲಿ ನೆಲವೆಲ್ಲ ಕನ್ನಡಿಯಂತೆ ಹೊಳೆಯುವ ಗ್ರಾನೈಟ್. ಬೊಳ್ಳು ಅದರ ಮೇಲೆ ನಾಲ್ಕೂ ಕಾಲು ಅಗಲಿಸಿ, ಬೆನ್ನು ಬಗ್ಗಿಸಿ ನಿಂತುಬಿಟ್ಟ, ಒಂದು ಹೆಜ್ಜೆ ಮುಂದಿಡಲಿಲ್ಲ. ಅದನ್ನು ಕಂಡ ಡಾಕ್ಟರು ಸೊಂಟದ ಕೀಲಿನ ದೋಷ ಎಂದು ಎಕ್ಸ್‌ರೇ ಬರೆದರು. ಸೊಂಟದ ಕೀಲು ಸಡಿಲವಾಗುವುದು ಹೆಚ್ಚಾಗಿ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ನಂಥ ದೊಡ್ಡ ಜಾತಿಗಳಲ್ಲಿ. ಆ ನಾಯಿಗಳು ಓಡುವಾಗ ಹಿಂದಿನ ಎರಡೂ ಕಾಲನ್ನು ಜೊತೆಗೇ ಎತ್ತಿ ಮೊಲದಂತೆ ಕುಪ್ಪಳಿಸುತ್ತವೆ. ನಮ್ಮವನು ಒಂಬತ್ತು ಕಿಲೋದ ಪೊಮೇರಿಯನ್ ಮಿಶ್ರತಳಿ, ಎತ್ತುವುದು ಒಂದೇ ಕಾಲನ್ನು. ಎಕ್ಸ್‌ರೇಗೆ ಎರಡು ಸಾವಿರ ಚಿಲ್ಲರೆ ಕೊಟ್ಟೆ. ಸೊಂಟದ ಕೀಲು ಅಚ್ಚುಕಟ್ಟಾಗಿ ಬಂತು. "ಎಲ್ಲ ಸರಿ ಇದೆಯಮ್ಮ, ವಯಸ್ಸಿಗೆ ಹೀಗಾಗುತ್ತದೆ" ಎಂದರು. ಅವನಿಗೆ ಐದು ವರ್ಷ! ಕೈಯಲ್ಲಿ ಪುನಃ ಅದೇ ಕ್ಯಾಲ್ಸಿಯಂ, ಬೇರೆ ಕಂಪನಿಯದ್ದು.

ವಾಪಸು ಬರುವ ದಾರಿಯಲ್ಲಿ ಮೆಡಿಕಲ್‌ನಲ್ಲಿ ನಮ್ಮ ಯಜಮಾನರ ಬಿಪಿ ಮಾತ್ರೆಗೆ ನಿಂತಿದ್ದೆ. ಅಂಗಡಿಯವನು ನಾಯಿಯನ್ನು ಕಂಡು, ಕೇಳದೆಯೇ ಐಬುಪ್ರೊಫೆನ್ ಸ್ಟ್ರಿಪ್ ಕತ್ತರಿಸಿದ. "ಅರ್ಧ ಕೊಡಿ ಅಕ್ಕ, ನೋವು ಹೋಗುತ್ತದೆ." ನಾಯಿಗೆ ಅದು ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಮೂತ್ರಪಿಂಡವನ್ನೂ ಕೆಡಿಸುತ್ತದೆ ಎಂಬುದು ನನಗೆ ಗೊತ್ತಿತ್ತು ಎಂದು ಬಚಾವು. ಗೊತ್ತಿಲ್ಲದ ಎಷ್ಟು ಮನೆಗಳಲ್ಲಿ ಬಾಳೆಹಣ್ಣಿನೊಳಗೆ ಇಟ್ಟು ನುಂಗಿಸುತ್ತಾರೋ.

ಕೊನೆಗೆ ದಾರಿ ತೋರಿಸಿದ್ದು ಮಳೆ. ನಮ್ಮ ಮನೆಯ ಚಾವಡಿಗೆ ಇನ್ನೂ ಹಳೆಯ ಕೆಂಪು ಕಾವಿಯ ನೆಲ, ಒಳಗಿನ ಹಾಲ್‌ಗೆ ಮಾತ್ರ ಮೇ ತಿಂಗಳಲ್ಲಿ ಟೈಲ್ಸ್ ಹಾಕಿಸಿದ್ದು. ಒಂದು ಭಾನುವಾರ ಬೊಳ್ಳು ಅಂಗಳದ ನೀರಿನಿಂದ ಎದ್ದು ಚಾವಡಿಯ ಉದ್ದಕ್ಕೂ ನಡೆದುಕೊಂಡು ಹೋದ. ಒರೆಸಲು ಬಟ್ಟೆ ಹಿಡಿದು ಕೂತವಳು ಹಾಗೆಯೇ ಕೂತುಬಿಟ್ಟೆ. ಕೆಂಪು ನೆಲದ ಮೇಲೆ ಅವನ ನಡಿಗೆ ಪೂರ್ತಿ ಬರೆದಿತ್ತು. ನಾಯಿ ನಿಧಾನವಾಗಿ ನಡೆಯುವಾಗ ಹಿಂದಿನ ಎಡಗಾಲು, ಮುಂದಿನ ಎಡಗಾಲು, ಹಿಂದಿನ ಬಲಗಾಲು, ಮುಂದಿನ ಬಲಗಾಲು, ಹೀಗೆ ಒಂದೊಂದಾಗಿ ಇಡುತ್ತದೆ. ಮುಂದಿನ ಪಾದ ಎತ್ತಿದ ಜಾಗದ ಮೇಲೆಯೋ ಪಕ್ಕದಲ್ಲಿಯೋ ಹಿಂದಿನ ಪಾದ ಬೀಳುತ್ತದೆ. ಬಲಬದಿಯಲ್ಲಿ ಜೋಡಿ ಜೋಡಿ ಅಚ್ಚುಗಳು ಸಾಲಾಗಿ ಇದ್ದವು. ಎಡಬದಿಯಲ್ಲಿ ಜೋಡಿ, ಜೋಡಿ, ಜೋಡಿ, ಆಮೇಲೆ ಒಂಟಿ. ಒಂಟಿ ಅಚ್ಚಿನ ಎದುರಿಗಿದ್ದ ಬಲ ಹಿಂಗಾಲಿನ ಉಗುರು ಮಾತ್ರ ಆಳವಾಗಿ ಗೀರಿದ ಹಾಗೆ ನೀರು ಎಳೆದಿತ್ತು, ಭಾರವೆಲ್ಲ ಅದರ ಮೇಲೆ. ಇನ್ನೂ ಎರಡು ಜೋಡಿ ದಾಟಿದರೆ ಪುನಃ ಒಂಟಿ. ಮಾವನಿಗೆ ಮೊಣಕಾಲು ನೋವಿದ್ದರೆ ಹೆಜ್ಜೆ ಹೆಜ್ಜೆಗೂ ನೋವು, ಇದು ಹಾಗಲ್ಲ. ಏನೋ ಒಂದು ಜಾಗ ತಪ್ಪುತ್ತದೆ, ತಾನಾಗಿ ಕೂರುತ್ತದೆ, ಮತ್ತೆ ತಪ್ಪುತ್ತದೆ.

ನೆಲ ಒರೆಸುವ ಮೊದಲು ಫೋಟೋ ತೆಗೆದೆ. ಮಗಳ ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೋ ಕೂಡ, ಅಂಗಳದಲ್ಲಿ ಒಂದು ಸಲ, ಟೈಲ್ಸ್ ಮೇಲೆ ಒಂದು ಸಲ. ಟೈಲ್ಸ್ ಮೇಲೆ ಹಾರು ಎರಡರಷ್ಟು. ಆ ದಿನ ರಾತ್ರಿ ಊಟಕ್ಕೆ ಕೂತಾಗ ಇದನ್ನು ಹೇಳಿದರೆ ಇವರು, "ಟೈಲ್ಸ್‌ಗೆ ಹೆಸರಿಡಬೇಡ, ಅದಕ್ಕೆ ಎಷ್ಟಾಯಿತು ಗೊತ್ತುಂಟಾ?" ಎಂದರು. ಗೊತ್ತುಂಟು. ಎಕ್ಸ್‌ರೇಗೆ ಎಷ್ಟಾಯಿತು ಎಂಬುದು ಅವರಿಗೆ ಗೊತ್ತಿಲ್ಲ, ಇಲ್ಲಿ ಓದಿದರೆ ಗೊತ್ತಾಗಲಿ.

ಮೂರನೆಯ ಡಾಕ್ಟರ್ ಚಿಕ್ಕ ಪ್ರಾಯದ ಹುಡುಗಿ. ನನ್ನ ಮೊಬೈಲನ್ನು ನೋಡುವ ಮೊದಲೇ, "ಕೆಳಗೆ ಬಿಡಿ ಅಕ್ಕ, ಹೊರಗೆ ಕಲ್ಲು ಹಾಸಿದ ಜಾಗ ಉಂಟಲ್ಲ, ಆ ಗೇಟಿನವರೆಗೆ ಹೋಗಿ ತಿರುಗಿ ಬನ್ನಿ" ಎಂದಳು. ನನಗೆ ಅಳು ಬರುವುದೊಂದು ಬಾಕಿ. ಹೋದೆವು, ಬಂದೆವು, ಸ್ವಲ್ಪ ಓಡಿಸಿ ಎಂದಳು, ಓಡಿಸಿದೆ. ಓಟದಲ್ಲಿ ಮುಂದಿನ ಬಲಗಾಲಿಗೆ ಹಿಂದಿನ ಎಡಗಾಲು ಜೋಡಿ, ಅದು ತಪ್ಪಿದರೆ ಕೂಡಲೇ ಕಾಣುತ್ತದೆಯಂತೆ. ಆಮೇಲೆ ಅವಳು ನೆಲದಲ್ಲಿಯೇ ಕೂತು, ಬೊಳ್ಳುವನ್ನು ಮಗ್ಗುಲಾಗಿ ಮಲಗಿಸಿ, ಮೊಣಕಾಲನ್ನು ಉದ್ದ ಮಾಡಿ ಹೆಬ್ಬೆರಳಿನಿಂದ ಮೆಲ್ಲ ಒಳಬದಿಗೆ ಒತ್ತಿದಳು. ಟಕ್. ನನ್ನ ಬೆರಳನ್ನೂ ಹಿಡಿದು ಅಲ್ಲಿ ಇರಿಸಿದಳು. ರೋಮದ ಅಡಿಯಲ್ಲಿ ಹುಣಸೆ ಬೀಜದಷ್ಟು ಒಂದು ಗಟ್ಟಿ ಚಿಪ್ಪು ತೊಡೆಮೂಳೆಯ ತಗ್ಗಿನಿಂದ ಜಾರಿ ಪಕ್ಕಕ್ಕೆ ಹೋಗುವುದು, ಕಾಲು ಹಿಂದಕ್ಕೆ ಚಾಚಿದರೆ ಪುನಃ ಬಂದು ಕೂರುವುದು, ಎರಡೂ ಕೈಗೆ ಸಿಕ್ಕಿತು. ಅವನು ಅಷ್ಟು ದಿನ ಕಾಲು ಝಾಡಿಸುತ್ತಿದ್ದದ್ದು ಅದಕ್ಕೇ! ಪಾಪದ ಪ್ರಾಣಿ ತನ್ನ ಚಿಕಿತ್ಸೆಯನ್ನು ತಾನೇ ಮಾಡಿಕೊಳ್ಳುತ್ತಿತ್ತು, ಬಿಲ್ಲು ಕೊಡದೆ.

ಮಂಡಿಚಿಪ್ಪು ಜಾರುವುದು ಸಣ್ಣ ಜಾತಿಯ ನಾಯಿಗಳಲ್ಲಿ ತೀರಾ ಸಾಮಾನ್ಯವಂತೆ. ಅದಕ್ಕೆ ನಾಲ್ಕು ಹಂತ, ಇವನದ್ದು ಎರಡನೆಯದು. ಚಿಪ್ಪು ತಾನಾಗಿಯೇ ಜಾರುತ್ತದೆ, ತಾನಾಗಿಯೇ ಬರುತ್ತದೆ. ಮೂರು, ನಾಲ್ಕಕ್ಕೆ ಹೋದರೆ ಶಸ್ತ್ರಚಿಕಿತ್ಸೆ ಮಾಡಿ ಆ ತಗ್ಗನ್ನು ಆಳ ಮಾಡಬೇಕಾಗಬಹುದು. ಎಕ್ಸ್‌ರೇಯಲ್ಲಿ ಯಾಕೆ ಕಾಣಲಿಲ್ಲ ಎಂದು ಕೇಳಿದೆ. ತೆಗೆದದ್ದು ಸೊಂಟದ್ದು, ಮೊಣಕಾಲಿನದ್ದು ತೆಗೆದಿದ್ದರೂ ಆ ಗಳಿಗೆಯಲ್ಲಿ ಚಿಪ್ಪು ಜಾಗದಲ್ಲಿದ್ದರೆ ಚಿತ್ರ ಸರಿಯಾಗಿಯೇ ಬರುತ್ತದೆ ಎಂದಳು. ಬೆರಳಿಗೆ ಸಿಗುವುದು ಯಂತ್ರಕ್ಕೆ ಸಿಗದು, ಆದರೆ ಬೆರಳಿಗೆ ಬಿಲ್ಲು ಕಡಿಮೆ.

ಔಷಧಿ ಏನು ಗೊತ್ತುಂಟಾ? ಎರಡು ಕಿಲೋ ಇಳಿಸಬೇಕು. ಜಾರುವ ನೆಲದಲ್ಲಿ ಓಡಿಸಬಾರದು. ದಿನಾ ಸಮತಟ್ಟಾದ ಕಡೆ ನಿಧಾನ ನಡೆಸಿ ತೊಡೆಯ ಸ್ನಾಯು ಗಟ್ಟಿ ಮಾಡಬೇಕು. ಕ್ಯಾಲ್ಸಿಯಂ ಎಂದು ನಾನು ಬಾಯಿ ತೆರೆದೆ. "ಅದು ಯಾಕೆ?" ಎಂದಳು.

ತೂಕದ ಮಾತು ಬಂದಾಗ ಅತ್ತೆಯವರು ಅಡುಗೆಮನೆಗೆ ಎದ್ದು ಹೋದರು. ಸಂಜೆಯ ಚಹಾಕ್ಕೆ ಗೋಳಿಬಜೆ ಕರಿದರೆ ಮೊದಲ ಒಬ್ಬೆಯ ಎರಡು ಯಾರ ಬಾಯಿಗೆ ಹೋಗುತ್ತವೆ ಎಂಬುದು ನನಗೂ ಗೊತ್ತು, ಬೊಳ್ಳುವಿಗೂ ಗೊತ್ತು. ಈಗ ಮೊದಲ ಒಬ್ಬೆ ಮುಗಿಯುವವರೆಗೆ ಅವನನ್ನು ಹಿಂದಿನ ಕೋಣೆಯಲ್ಲಿ ಹಾಕಿ ಬಾಗಿಲು ಎಳೆಯುವುದು, ಅವನು ಬೊಬ್ಬೆ ಹೊಡೆಯುವುದು, ಅತ್ತೆ ನನ್ನ ಮುಖ ನೋಡದೆ ಬಜೆ ತಿರುವುವುದು. ಇವರ ಹೊಸ ಟೈಲ್ಸ್ ಮೇಲೆ ಬಾಗಿಲಿನಿಂದ ಬಾಗಿಲಿಗೆ ತೆಂಗಿನ ನಾರಿನ ಚಾಪೆ ಹಾಸಿದ್ದೇನೆ, ಬಂದವರೆಲ್ಲ ಟೈಲ್ಸ್ ಒಡೆಯಿತಾ ಎಂದು ಕೇಳುತ್ತಾರೆ.

ಫ್ರಿಜ್ಜಿನ ಬಾಗಿಲಿನಲ್ಲಿ ಮೂರು ಬಾಟಲಿ ಕ್ಯಾಲ್ಸಿಯಂ ಇದೆ, ಒಂದು ಮಾತ್ರ ಕಾಲುಭಾಗ ಖಾಲಿ. ಬೇಕಾದವರು ಬಂದು ಒಯ್ಯಬಹುದು. ಮುಂಬೈಯ ಮಾವನಿಗೆ ಅಷ್ಟಮಿಗೆ ಬಂದಾಗ ಕೊಡೋಣ ಎಂದುಕೊಂಡಿದ್ದೆ, ಬಾಟಲಿಯ ಮೇಲೆ ನಾಯಿಯ ಚಿತ್ರವಿದೆ ಎಂದು ಮಗಳು ಬೇಡ ಎನ್ನುತ್ತಿದ್ದಾಳೆ.