ಮೆಟಾಲಿಕಾ ಅಡ್ಡಿಲ್ಲೆ

ಮಳೆ ಹೊಳವಾಗದೆ ನಾಲ್ಕು ದಿನ, ಕರೆಂಟು ಹೋಗಿ ಎರಡು ದಿನ. ಅಡಕೆ ತೋಟಕ್ಕೆ ಕೊಳೆರೋಗ ಬಂದಿದೆ, ಮರ ಹತ್ತಿ ಮದ್ದು ಹೊಡೆಯಲು ಕೊನೆಗೌಡ ಸಿಗುತ್ತಿಲ್ಲ. ಇಂಥ ಹೊತ್ತಿನಲ್ಲಿ ಶಿರಸಿಯಿಂದ ಒಳಗೆ, ಬಸ್ಸು ಇಳಿದು ಅರ್ಧ ಗಂಟೆ ನಡೆಯಬೇಕಾದ ನನ್ನ ದೊಡ್ಡಪ್ಪನ ಮನೆಯ ಜಗಲಿಯಲ್ಲಿ ಏಳು ಜನ ಕೂತು, ಮೆಟಾಲಿಕಾ ಎಂಬ ಅಮೆರಿಕದ ಮೆಟಲ್ ಬ್ಯಾಂಡ್ ಓವರ್‌ರೇಟೆಡ್ ಹೌದೋ ಅಲ್ಲವೋ ಎಂದು ಕಂಬ ನಡುಗುವಂತೆ ಕೂಗಾಡುತ್ತಿದ್ದರು.

ಹುಡುಗರೆಲ್ಲ ನಮ್ಮವರೇ. ಇಬ್ಬರು ಬೆಂಗಳೂರಿನ ಕೆಲಸವನ್ನು ಲ್ಯಾಪ್‌ಟಾಪಿನಲ್ಲಿ ಹೊತ್ತು ಊರಿಗೆ ಬಂದವರು, ಒಬ್ಬ ಪೇಟೆಯಲ್ಲಿ ಮೊಬೈಲ್ ರಿಪೇರಿ ಮಾಡುವವ, ಉಳಿದವರು ಮಳೆಗೆ ಸಿಕ್ಕಿಬಿದ್ದ ನೆಂಟರು. ನೆಟ್‌ವರ್ಕ್ ಇದ್ದಿದ್ದರೆ ಯಾರೋ ಅಪರಿಚಿತರ ಜೊತೆ ಜಗಳವಾಡಿ ತಣ್ಣಗಾಗುತ್ತಿದ್ದರು. ಟವರು ಬಿದ್ದುಹೋಗಿದ್ದರಿಂದ ಎದುರಿಗಿದ್ದವರ ಮುಖವನ್ನೇ ನೋಡಿ ಬೈಯಬೇಕಾದ ದುರವಸ್ಥೆ ಬಂದಿತ್ತು.

ಈ ವಾದಕ್ಕೊಂದು ಶಾಸ್ತ್ರವಿದೆ. ಬ್ಯಾಂಡಿನ ಮೊದಲ ಮೂರು ಆಲ್ಬಂ ಪರಮ ಪವಿತ್ರ, ನಾಲ್ಕನೆಯದಕ್ಕೆ ವಿನಾಯಿತಿ ಉಂಟು, ಐದನೆಯದು ಊರಿಗೆಲ್ಲ ಗೊತ್ತಾದ ತಕ್ಷಣ ಮೈಲಿಗೆ. ಮೆಟಾಲಿಕಾಕ್ಕೆ ಈ ಸೂತಕ ತಗುಲಿದ್ದು 1991ರಲ್ಲಿ, ಕಪ್ಪು ಹೊದಿಕೆಯ ಆಲ್ಬಂ ಬಂದು ಕೋಟಿಗಟ್ಟಲೆ ಮಾರಾಟವಾದಾಗ. 1996ರ ಹೊತ್ತಿಗೆ ಅವರು ಕೂದಲನ್ನೂ ಕತ್ತರಿಸಿಕೊಂಡರು. ಅದು ಧರ್ಮದ್ರೋಹ ಎನ್ನುತ್ತಿದ್ದ ಸಾಫ್ಟ್‌ವೇರ್ ಹುಡುಗನ ತಲೆಯಲ್ಲಿ ಕತ್ತರಿಸಲು ಏನೂ ಉಳಿದಿರಲಿಲ್ಲ.

ರಿಪೇರಿ ಅಂಗಡಿಯವನ ಸಿಟ್ಟು ಇನ್ನೂ ಖಾಸಗಿಯದು. 2000ನೇ ಇಸವಿಯಲ್ಲಿ ಮೆಟಾಲಿಕಾ, ಇಂಟರ್‌ನೆಟ್ಟಿನಲ್ಲಿ ಹಾಡು ಹಂಚಿಕೊಳ್ಳಲು ಬಿಡುತ್ತಿದ್ದ ನ್ಯಾಪ್‌ಸ್ಟರ್ ಮೇಲೆ ದಾವೆ ಹೂಡಿ, ತಮ್ಮ ಹಾಡನ್ನು ಪುಕ್ಕಟೆ ಹಂಚಿಕೊಂಡ 3 ಲಕ್ಷಕ್ಕೂ ಹೆಚ್ಚು ಬಳಕೆದಾರರ ಪಟ್ಟಿಯನ್ನು ಕಂಪನಿಯ ಕೈಗಿತ್ತಿತ್ತು. ಆ ಪಟ್ಟಿಯಲ್ಲಿ ತನ್ನದೂ ಹೆಸರಿದೆ ಎಂಬಂತೆ ಇವನು ಮಾತಾಡುತ್ತಾನೆ. ಆಗ ಇವನು ಮೂರನೇ ಕ್ಲಾಸು. ಇವರ ಮನೆಗೆ ಲ್ಯಾಂಡ್‌ಲೈನ್ ಬಂದಿದ್ದೇ ಇವನು ಹೈಸ್ಕೂಲಿಗೆ ಹೋದ ಮೇಲೆ.

ಹಾಗೆ ನೋಡಿದರೆ 'ನಾನು ಅಲ್ಲಿದ್ದೆ' ಎನ್ನುವುದೇ ಈ ಆಟದ ತುರುಫು ಎಲೆ. 2007ರ ಮಾರ್ಚ್ 17ರಂದು ಐರನ್ ಮೇಡನ್ ಎಂಬ ಇನ್ನೊಂದು ಮೆಟಲ್ ಬ್ಯಾಂಡ್ ಬೆಂಗಳೂರಿಗೆ ಬಂತು, 2011ರ ಅಕ್ಟೋಬರ್ 30ರಂದು ಮೆಟಾಲಿಕಾ. ಎರಡೂ ಅರಮನೆ ಮೈದಾನದಲ್ಲೇ. ಆ ಎರಡು ರಾತ್ರಿ ಅಲ್ಲಿದ್ದೆ ಎಂದು ನನ್ನೆದುರು ಹೇಳಿಕೊಂಡವರನ್ನೆಲ್ಲ ಕರೆತಂದು ನಿಲ್ಲಿಸಿದರೆ ಮಾರಿಕಾಂಬೆಯ ಜಾತ್ರೆಗೇ ಜಾಗ ಸಾಲದು. ನಾನು ಹೋಗಿರಲಿಲ್ಲ. ಮೆಟಾಲಿಕಾ ಬಂದ ವಾರ ನಮ್ಮಲ್ಲಿ ಕೊನೆಕೊಯ್ಲಿನ ಮಾತುಕತೆಯಿತ್ತು. ಇದನ್ನು ಒಪ್ಪಿಕೊಂಡ ಕ್ಷಣದಿಂದ ಜಗಲಿಯಲ್ಲಿ ನನ್ನ ಮಾತಿಗೆ ಕಿಮ್ಮತ್ತು ಉಳಿಯಲಿಲ್ಲ.

ಜಾತ್ರೆ ಅಂದ ಮೇಲೆ ಇದೂ ನೆನಪಾಯಿತು. ಎರಡು ವರ್ಷಕ್ಕೊಮ್ಮೆ ಬರುವ ಆ ಜಾತ್ರೆಯ ಬಳೆ ಅಂಗಡಿಯ ಸಾಲಿನಲ್ಲಿ ನಿರ್ವಾಣ, ರಾಮೋನ್ಸ್, ಪಿಂಕ್ ಫ್ಲಾಯ್ಡ್ ಎಂದು ಬ್ಯಾಂಡುಗಳ ಹೆಸರು ಬರೆದ ಕಪ್ಪು ಟೀ ಶರ್ಟುಗಳು ನೇತಾಡುತ್ತವೆ. ಮಿರ್ಚಿ ಬಜಿ ಕರಿಯುತ್ತಿದ್ದವನೊಬ್ಬ ನಿರ್ವಾಣದ್ದನ್ನು ಹಾಕಿಕೊಂಡಿದ್ದ. ಇದೇನೆಂದು ಕೇಳಿದೆ. "ಕಪ್ಪಾದ್ರೆ ಎಣ್ಣೆ ಕಲೆ ಕಾಣೂದಿಲ್ರೀ" ಎಂದ. ಆ ಬ್ಯಾಂಡಿನ ಬಗ್ಗೆ ಈವರೆಗೆ ನಾನು ಕೇಳಿದ ಮಾತುಗಳಲ್ಲಿ ಪ್ರಾಮಾಣಿಕವಾದದ್ದು ಅದೊಂದೇ.

ಇರಲಿ, ಜಗಲಿಗೆ ಬರೋಣ. ಎರಡನೇ ಸುತ್ತಿಗೆ ಎಸಿ ಡಿಸಿ ಬ್ಯಾಂಡನ್ನು ಎಳೆದು ತಂದರು. 1973ರಲ್ಲಿ ಸಿಡ್ನಿಯಲ್ಲಿ ಶುರುವಾದಾಗಿನಿಂದ ಒಂದೇ ಹಾಡನ್ನು ತಿರುಗಿಸಿ ತಿರುಗಿಸಿ ಹಾಡುತ್ತಾರೆಂಬುದು ಆಪಾದನೆ. ಒಳಗಿನಿಂದ ಬಂದ ತಂಬುಳಿಯನ್ನು ಮೂರನೇ ಸಲ ಸುರಿದುಕೊಳ್ಳುತ್ತಲೇ ಈ ಆಪಾದನೆ ಮಾಡಿದರು. ಆ ತಂಬುಳಿಯ ರುಚಿ ದೊಡ್ಡಮ್ಮ ಮದುವೆಯಾಗಿ ಬಂದಾಗ ಹೇಗಿತ್ತೋ ಇವತ್ತೂ ಹಾಗೇ ಇದೆ. ಎಪ್ಪತ್ತಾದರೂ ಶಾಲೆಯ ಚಡ್ಡಿ ಹಾಕಿ ಕುಣಿಯುವ ಅವರ ಗಿಟಾರ್ ವಾದಕ ಆಂಗಸ್ ಯಂಗ್‌ಗೆ ನಾಚಿಕೆ ಬೇಡವೇ ಎಂದ ಇನ್ನೊಬ್ಬ. ಯಕ್ಷಗಾನದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಎಂಬತ್ತರಲ್ಲಿ ಗೆಜ್ಜೆ ಕಟ್ಟಿ ರಂಗಕ್ಕೆ ಬಂದಾಗ ಇದೇ ಹುಡುಗನ ಮನೆಯವರು ಚಾಪೆ ಹಿಡಿದು ಮುಂದಿನ ಸಾಲಿಗೆ ಓಡಿದ್ದರು. ಡ್ರೀಮ್ ಥಿಯೇಟರ್ ಬ್ಯಾಂಡಿನವರ ಹಾಡು ಇಪ್ಪತ್ತು ನಿಮಿಷ ಎಳೆಯುತ್ತದಂತೆ. ಯಕ್ಷಗಾನದ ಪೂರ್ವರಂಗಕ್ಕೇ ಅದರ ದುಪ್ಪಟ್ಟು ಹೊತ್ತು ಕೂತು, ಬೆಳಗಿನ ಮಂಗಳದವರೆಗೆ ಏಳದ ಊರಿನವರು ಮಾಡುವ ದೂರೇ ಇದು?

ಕಿಸ್ ಬ್ಯಾಂಡಿನ ಸರದಿ ಬಂದಾಗ ಒಬ್ಬ, "ಮುಖಕ್ಕೆ ಬಣ್ಣ ಬಳಕೊಂಡು ನಾಲಿಗೆ ಹಿರಿದ್ರೆ ಕಲಾವಿದ ಆಗ್ತ್ನಾ?" ಎಂದು ಬಿಟ್ಟ. ಅವನ ತಲೆಯ ಮೇಲೆಯೇ, ಗೋಡೆಯಲ್ಲಿ, ದೊಡ್ಡಪ್ಪ ಹರೆಯದಲ್ಲಿ ಘಟೋತ್ಕಚನ ವೇಷ ಹಾಕಿ ನಾಲಿಗೆ ಹಿರಿದು ನಿಂತ ಫೋಟೋ ಇತ್ತು. ಸ್ವಲ್ಪ ಹೊತ್ತು ಮಳೆಯ ಸದ್ದು ಮಾತ್ರ ಕೇಳಿಸಿತು.

ಗನ್ಸ್ ಎನ್ ರೋಸಸ್ ಬ್ಯಾಂಡಿನ ವಿಷಯ ಬೇಗ ಮುಗಿಯಿತು. ಒಂದು ಆಲ್ಬಮ್ಮಿಗೆ ಹತ್ತು ವರ್ಷಕ್ಕೂ ಮಿಕ್ಕಿ ಕಾಯಿಸಿ 2008ರಲ್ಲಿ ಹೊರತಂದರಲ್ಲ ಎಂದು ಮೂದಲಿಸಿದರು. ತಂದರಲ್ಲ ಮಾರಾಯರೇ! ಹುಬ್ಬಳ್ಳಿ–ಅಂಕೋಲಾ ರೈಲಿಗೆ ಅದಕ್ಕಿಂತ ಹೆಚ್ಚು ವರ್ಷದಿಂದ ಕಾಯುತ್ತಿರುವ ಜಿಲ್ಲೆಯವರು ಆ ಬ್ಯಾಂಡಿನ ಗಾಯಕ ಆಕ್ಸೆಲ್ ರೋಸ್‌ನ ಬಗ್ಗೆ ಹಗುರವಾಗಿ ಮಾತಾಡಬಾರದು.

ದೊಡ್ಡಪ್ಪ ಇಷ್ಟು ಹೊತ್ತೂ ಎಲೆಯಡಕೆಯ ಕವಳ ಹಾಕಿಕೊಂಡು ಬಾಯಿ ತೆರೆಯದೆ ಕೂತಿದ್ದರು. ಅಂಗಳಕ್ಕೆ ಬಗ್ಗಿ ಉಗಿದು ಬಂದು ಕೇಳಿದರು, "ತಮಾ, ಅದ್ಕೆ ರೇಟು ಹಾಕ್ದವು ಯಾರು?"

ಜಗತ್ತೇ ಹಾಕಿದೆ ಎಂದರು ಹುಡುಗರು.

"ನಮ್ಮೂರಲ್ಲಿ ಯಾರೂ ಹಾಕಿದ್ವಿಲ್ಲೆ. ಟೆಂಡರಿಗೇ ಹೋಗದ ಮಾಲಿಗೆ ದರ ಜಾಸ್ತಿ ಆತು ಹೇಳಿ ಜಗಳ ಎಂತಕ್ಕೆ?"

ರಾಶಿ, ಚಾಲಿ, ಬೆಟ್ಟೆ, ಬಿಳೆಗೋಟು, ಕೆಂಪುಗೋಟು ಎಂದು ಅಡಕೆಯನ್ನು ಆರಿಸಿ ಆರಿಸಿ ಬದುಕಿದ ಮನುಷ್ಯ ಅವರು. ದರದ ವಿಷಯದಲ್ಲಿ ಅವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಅದಲ್ಲದೆ ನಮ್ಮ ಕಡೆ ಹೊಗಳಿಕೆಯ ಪರಮಾವಧಿ ಎಂದರೆ 'ಅಡ್ಡಿಲ್ಲೆ', ಅಂದರೆ ಪರವಾಗಿಲ್ಲ. ಮಗಳು ರ‍್ಯಾಂಕ್ ಬಂದರೆ ಅಡ್ಡಿಲ್ಲೆ, ಅಳಿಯ ಅಮೆರಿಕದಲ್ಲಿ ಮನೆ ಕೊಂಡರೆ ಅಡ್ಡಿಲ್ಲೆ, ಮದುವೆ ಊಟದಲ್ಲಿ ಎಲೆಯ ತುದಿಯವರೆಗೆ ಬಳಿದು ತಿಂದೆದ್ದರೂ ಅಡ್ಡಿಲ್ಲೆ. ಇಷ್ಟು ತಗ್ಗಿನ ಚಾವಣಿಯ ಕೆಳಗೆ ಯಾವ ಬ್ಯಾಂಡ್ ತಾನೇ ಹೆಚ್ಚು ಎತ್ತರಕ್ಕೆ ಏರೀತು?

ಈ ಗದ್ದಲದಲ್ಲಿ ನಿಜವಾಗಿ ಗಿಟಾರ್ ನುಡಿಸಲು ಬರುತ್ತಿದ್ದದ್ದು ದೊಡ್ಡಪ್ಪನ ಮೊಮ್ಮಗಳೊಬ್ಬಳಿಗೇ. ಕುಮಟೆಯಿಂದ ರಜಕ್ಕೆ ಬಂದವಳು. ಅವಳನ್ನು ಯಾರೂ ಏನೂ ಕೇಳಿರಲಿಲ್ಲ. ಅವಳೇ ಅಜ್ಜನ ಹತ್ತಿರ ಬಂದು ಕೂತು ಬ್ಲ್ಯಾಕ್ ಸಬ್ಬತ್ ಬ್ಯಾಂಡಿನ ಗಿಟಾರ್ ವಾದಕ ಟೋನಿ ಐಯೋಮಿಯ ಕತೆ ಹೇಳಿದಳು. ಬರ್ಮಿಂಗ್‌ಹ್ಯಾಮಿನ ತಗಡಿನ ಕಾರ್ಖಾನೆಯಲ್ಲಿ ಹದಿನೇಳರ ಹುಡುಗನ ಬಲಗೈಯ ಎರಡು ಬೆರಳಿನ ತುದಿ ಯಂತ್ರಕ್ಕೆ ಸಿಕ್ಕಿ ಹಾರಿಹೋಯಿತು. ಅವನು ಎಡಚ; ತಂತಿ ಒತ್ತಬೇಕಾದದ್ದೂ ಅದೇ ಬೆರಳುಗಳಿಂದ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಟೊಪ್ಪಿ ಮಾಡಿ ಬೆರಳಿಗೆ ತೊಡಿಸಿಕೊಂಡ, ಆಮೇಲೆ ನೋವು ಕಡಿಮೆಯಾಗಲೆಂದು ತಂತಿಯ ಬಿಗಿಯನ್ನೂ ಸಡಿಲಿಸಿದ. ಮೆಟಲ್ ಸಂಗೀತದ ಆ ಭಾರದ ದನಿಯ ಹಿಂದೆ ಆ ಗಾಯವೂ ಇದೆ.

ದೊಡ್ಡಪ್ಪ ತಮ್ಮ ಎಡಗೈ ತೋರುಬೆರಳು ನೋಡಿಕೊಂಡರು. ಅಡಕೆ ಸುಲಿಯುವಾಗ ಕತ್ತಿ ತಾಗಿ ಅದರ ತುದಿ ಚಪ್ಪಟೆಯಾಗಿದೆ. "ಇಂವ ಅಡ್ಡಿಲ್ಲೆ" ಎಂದರು.

ಸಬ್ಬತ್‌ನದ್ದು ಮೂರೇ ಸ್ವರದ ಸಂಗೀತ ಎಂದು ಅರ್ಧ ಗಂಟೆಯ ಹಿಂದೆ ಹೇಳಿದ್ದವನು ಆಗ ತಲೆ ತಗ್ಗಿಸಿದ. 2025ರ ಜುಲೈ 22ರಂದು ಆ ಬ್ಯಾಂಡಿನ ಗಾಯಕ ಓಜಿ ಆಸ್ಬೋರ್ನ್ ತೀರಿಕೊಂಡಾಗ ಸ್ಟೇಟಸ್ಸಿನಲ್ಲಿ ದೀಪ ಹಚ್ಚಿ 'ನನ್ನ ಬಾಲ್ಯ ಸತ್ತಿತು' ಎಂದು ಬರೆದವನೂ ಅವನೇ.

ಅಲ್ಲಿಗೆ ಮುಗಿಯಬೇಕಿತ್ತು. ಮೆಟಾಲಿಕಾದ ಪರವಾಗಿದ್ದವನೊಬ್ಬ ನಿಟ್ಟುಸಿರು ಬಿಟ್ಟು, 1986ರಲ್ಲಿ ಸ್ವೀಡನ್ನಿನಲ್ಲಿ ಬಸ್ಸು ಮಗುಚಿ ಬೇಸ್ ವಾದಕ ಕ್ಲಿಫ್ ಬರ್ಟನ್ ಸತ್ತ ಮೇಲೆ ಆ ಬ್ಯಾಂಡಿನಲ್ಲಿ ಏನೂ ಉಳಿಯಲಿಲ್ಲ ಎಂದ. ದೊಡ್ಡಪ್ಪನ ಕಣ್ಣು ಮಂಜಾಯಿತು. 1990ರಲ್ಲಿ ರಸ್ತೆ ಅಪಘಾತದಲ್ಲಿ ಯಕ್ಷಗಾನದ ಹಾಡುಗಾರ, ಭಾಗವತ ಕಾಳಿಂಗ ನಾವಡರು ಹೋದ ಮೇಲೆ ತಾನು ಭಾಗವತಿಕೆ ಕೇಳುವುದನ್ನೇ ಬಿಟ್ಟೆ ಎಂದರು. (ಬಿಟ್ಟಿಲ್ಲ, ಹೋದ ತಿಂಗಳೂ ಆಟಕ್ಕೆ ಹೋಗಿದ್ದರು, ಬೆಳಿಗ್ಗೆ ಬಂದು ಭಾಗವತರನ್ನು ಬೈದಿದ್ದರು.) ಆಮೇಲೆ ಹುಡುಗರಿಗೆ ಬಾಯಿ ತೆರೆಯಲು ಬಿಡದೆ ಮುಕ್ಕಾಲು ಗಂಟೆ, ಈಗಿನ ಭಾಗವತರೆಲ್ಲ ಸಿನಿಮಾ ಧಾಟಿಗೆ ಬಿದ್ದವರು, ಚಂಡೆಯವರು ಮೈಕನ್ನೇ ನುಂಗುವವರು, ನಾವಡರ ಮೊದಲ ವರ್ಷಗಳ ಪದ್ಯ ಕೇಳದವನು ಯಕ್ಷಗಾನದ ಮಾತೆತ್ತಬಾರದು ಎಂದು ಸಾಧಿಸಿದರು.

ಬೆಂಗಳೂರಿನ ಹುಡುಗ ಅಭ್ಯಾಸಬಲದಿಂದ, "ದೊಡ್ಡಪ್ಪ, ನನಗನಿಸ್ತು ನಾವಡರೂ ಸ್ವಲ್ಪ ಓವ…" ಎಂದ.

ಕವಳದ ಬಟ್ಟಲು ಅಂಗಳಕ್ಕೆ ಹೋಗಿ ಬಿತ್ತು. ಇದಾಗಿ ಎರಡು ವಾರವಾಯಿತು. ಆ ಮನೆಯಲ್ಲಿ ಅವನೊಬ್ಬನಿಗೆ ಇವತ್ತಿಗೂ ಬೆಲ್ಲ ಹಾಕದ ಕಷಾಯವೇ ಬರುತ್ತದೆ.